ಕನಿಶಾಯ್ ಅಪಾ ಮುಖ ಸುಟ್ಟ ಪ್ರಸಂಗ

ತೊಕ್ತೊಸುನ್ ಕೆಟ್ಟ ಮನುಷ್ಯನಲ್ಲ. ಕರಾ-ಬುಲುಂಗಿನಲ್ಲಿ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ. ಹೇಳಿ, ಕಲ್ಪಕ್ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಊರಿನ ಸಂಸ್ಕೃತಿ ಭವನದಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ದೀಪ ಬಿಡುವವನು. ಗಾಯಕಿ ವೇದಿಕೆಯ ಎಡಗಡೆ ನಿಂತರೆ ಅವನ ದೀಪ ಬಲಗಡೆ ಬೀಳುತ್ತಿತ್ತು. ಪಾಪ, ಅವಳು ಓಡಿಬಂದು ಬಲಗಡೆ ನಿಲ್ಲುವಷ್ಟರಲ್ಲಿ ಇವನು ತಪ್ಪು ತಿಳಿದುಕೊಂಡು ದೀಪವನ್ನು ಎಡಗಡೆಗೆ ತಿರುಗಿಸಿರುತ್ತಿದ್ದ. ಹಾಡು ಮುಗಿಯುವವರೆಗೂ ಅವಳೂ ದೀಪವೂ ಹೀಗೆ ಒಬ್ಬರನ್ನೊಬ್ಬರು ಅಟ್ಟಾಡಿಸುವುದನ್ನು ಊರವರು ಒಂದು ಬಗೆಯ ನೃತ್ಯವೆಂದೇ ಒಪ್ಪಿಕೊಂಡಿದ್ದರು.

ಆ ಬೇಸಗೆಯಲ್ಲಿ ಪ್ರಾಂತದ ಕೇಂದ್ರದಿಂದ ಒಂದು ಸುತ್ತೋಲೆ ಬಂತು. ಹತ್ತು ನಿಮಿಷದ ಕಿರುಚಿತ್ರಗಳ ಸ್ಪರ್ಧೆಯಂತೆ. ಪ್ರತಿ ಊರಿನಿಂದ ಒಂದು ಬರಬೇಕಂತೆ. ಚಹಾ ಅಂಗಡಿಯಲ್ಲಿ ಇದರ ಮಾತು ಬಂದಾಗ, ನಾಲ್ಕು ಮದುವೆಗಳ ವಿಡಿಯೊ ತೆಗೆದ ಅನುಭವವಿದ್ದ ತೊಕ್ತೊಸುನ್ ಎದ್ದು ನಿಂತ.

"ಕಥೆ ಯಾರು ಬೇಕಾದ್ರೂ ಬರೀತಾರೆ. ನಟನೆ ಕುರಿಗಳೂ ಮಾಡ್ತಾವೆ. ಸಿನಿಮಾ ಅಂದ್ರೆ ಬೆಳಕು. ಈ ಊರಲ್ಲಿ ಬೆಳಕು ಅಂದ್ರೆ ಯಾರು?"

ಎಲ್ಲರೂ ಸ್ವಲ್ಪ ಹೊತ್ತು ಯೋಚಿಸಿದರು. "ಸೂರ್ಯ," ಎಂದು ಮೂಲೆಯಿಂದ ಯಾರೋ ಹೇಳಿದರು.

"ನಾನು!" ಎಂದು ತೊಕ್ತೊಸುನ್ ಎದೆ ತಟ್ಟಿಕೊಂಡ. ಚಹಾ ಚೆಲ್ಲಿತು. ಚಿತ್ರ ಶುರುವಾಯಿತು.

ಕಥೆ ಸರಳವಾಗಿತ್ತು. ಒಬ್ಬ ಮುದುಕಿ ಒಲೆಯ ಪಕ್ಕ ಕೂತು ಮಗನಿಗಾಗಿ ಕಾಯುತ್ತಾಳೆ. ರೊಟ್ಟಿ ತಟ್ಟುತ್ತಾಳೆ, ಚಹಾ ಕಾಯಿಸುತ್ತಾಳೆ, ಕಿಟಕಿ ನೋಡುತ್ತಾಳೆ. ಕೊನೆಗೆ ಮಗ ಬರುತ್ತಾನೆ. ಮುದುಕಿಯಾಗಿ ಎಪ್ಪತ್ತೆರಡು ವರ್ಷದ ಕನಿಶಾಯ್, ಊರಿಗೆಲ್ಲ 'ಅಪಾ', ಅಂದರೆ ಅಮ್ಮ. ಊರಿನ ಸುತ್ತಲ ಬೆಟ್ಟಗಳಲ್ಲಿ ಎಷ್ಟು ಕೊರಕಲುಗಳಿದ್ದವೋ ಅವಳ ಮುಖದಲ್ಲೂ ಅಷ್ಟೇ ಇದ್ದವು. ಅದಕ್ಕೇ ಅವಳನ್ನು ಆರಿಸಿದ್ದು. ಮಗನಾಗಿ ಅವಳ ಮಗನೇ, ಸಂತೆಯ ಮಾಂಸದಂಗಡಿಯ ಅಬ್ದಿಲ್ದಾ. ತೊಕ್ತೊಸುನನ ಅಡುಗೆಮನೆಯಲ್ಲಿ ಎರಡು ಗಂಟೆಯಲ್ಲಿ ಚಿತ್ರೀಕರಣ ಮುಗಿಯಿತು. ಅಬ್ದಿಲ್ದಾ ಮಾತ್ರ ಬಾಗಿಲು ತೆಗೆದು ಒಳಬಂದಾಗಲೆಲ್ಲ ತಾಯಿಯನ್ನು ಬಿಟ್ಟು ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದ, ಅದು ತೊಡೆಮಾಂಸಕ್ಕೆ ಚೌಕಾಸಿ ಮಾಡಿದೆಯೇನೋ ಎಂಬಂತೆ. ನಾಲ್ಕು ಸಲ ತೆಗೆದರೂ ನಾಲ್ಕು ಸಲವೂ ಅದೇ ನೋಟ. ಮರುದಿನ ನಸುಕಿನಲ್ಲೇ ಕನಿಶಾಯ್ ಅಪಾ ಯಾರಿಗೂ ಹೇಳದೆ ಹಾಲಿನ ಲಾರಿ ಹತ್ತಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋದಳು. ಅಲ್ಲಿ ಅವಳ ಕಿರಿಮಗ ಕುದುರೆಗಳನ್ನು ಮೇಯಿಸಿಕೊಂಡಿದ್ದ. ಅಲ್ಲಿಗೆ ಫೋನು ಹೋಗುವುದಿಲ್ಲ. ಹೋಗುವುದು ಗಾಳಿ ಮಾತ್ರ.

ಉಳಿದದ್ದು ಎಡಿಟಿಂಗ್. ತೊಕ್ತೊಸುನ್ ದಕ್ಷಿಣದ ಕಿಟಕಿಯ ಬಳಿ ಮೇಜು ಹಾಕಿಕೊಂಡು ಹಳೆಯ ಲ್ಯಾಪ್‌ಟಾಪ್ ತೆರೆದು ಕೂತ. ಮೊದಲ ದಿನವೇ ಅಬ್ದಿಲ್ದಾನನ್ನು ಕತ್ತರಿಸಿ ಹಾಕಿದ. ಆಮೇಲೆ ಬೆಳಕನ್ನು ನೋಡಿದ. ಪರದೆಯಲ್ಲಿ ಅಪಾಳ ಮುಖ ಕತ್ತಲು ಕತ್ತಲಾಗಿ ಕಾಣುತ್ತಿತ್ತು. ತೆಗೆದ ದಿನ ಹೀಗಿರಲಿಲ್ಲವಲ್ಲ ಎಂದು ಅವನಿಗೆ ಗಾಬರಿ. ಎಕ್ಸ್‌ಪೋಷರ್ ಎಂಬ ಕಡ್ಡಿಯೊಂದಿತ್ತು. ಬಲಕ್ಕೆ ಎಳೆದರೆ ಬೆಳಕು ಏರುತ್ತದೆ. ಎಳೆದ. ಮುಖ ಕಂಡಿತು. ತೃಪ್ತಿಯಿಂದ ಮುಚ್ಚಿಟ್ಟ.

ಎರಡನೇ ದಿನ ತೆರೆದರೆ ಮತ್ತೆ ಕತ್ತಲು. ಇನ್ನಷ್ಟು ಎಳೆದ. ಮೂರನೇ ದಿನವೂ ಕತ್ತಲು. ನಾಲ್ಕನೇ ದಿನ ತೊಕ್ತೊಸುನ್ ಕುರ್ಚಿಗೆ ಒರಗಿ ಗಂಭೀರವಾಗಿ ಯೋಚಿಸಿದ. ಕುರಿ ಕಳುವಾಗುತ್ತದೆ, ಗಾಡಿಯಿಂದ ಪೆಟ್ರೋಲು ಕಳುವಾಗುತ್ತದೆ. ಚಿತ್ರದೊಳಗಿನ ಬೆಳಕನ್ನು ಕದಿಯುವವರೂ ಇದ್ದಾರೆಯೇ? ಇದ್ದರೆ ಅವರಿಗೆ ಅದರಿಂದ ಏನು ಲಾಭ? ಉತ್ತರ ಹೊಳೆಯದೆ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಹೆಂಡತಿ ಬುರುಲ್ ಕೈಗೆ ಕೊಟ್ಟ. ಐದನೇ ದಿನವೂ ಕತ್ತಲೇ. ಆರನೇ ದಿನ ಕಡ್ಡಿ ಬಲತುದಿಗೆ ಬಂದು ಇನ್ನು ಮುಂದೆ ದಾರಿಯಿಲ್ಲವೆಂದು ನಿಂತುಬಿಟ್ಟಿತು.

ಅದು ಸ್ಪರ್ಧೆಗೆ ಕಳಿಸಬೇಕಾದ ಕೊನೆಯ ದಿನ. ಸಂಜೆ ಆರಕ್ಕೆ ಗಡುವು. ಬೆಳಿಗ್ಗೆ ಅವನು ಬಿಷ್ಕೆಕ್‌ನಲ್ಲಿ ಎಡಿಟಿಂಗ್ ಕೆಲಸ ಮಾಡುವ ಬಾಲ್ಯದ ಗೆಳೆಯ ಜೆನಿಶನಿಗೆ ಚಿತ್ರದ ಒಂದು ತುಣುಕು ಕಳಿಸಿದ. ಬೆಳಕು ಮಿತಿಮೀರಿ ಚಿತ್ರ ಬೆಳ್ಳಗಾದರೆ ಎಡಿಟಿಂಗಿನವರ ಮಾತಿನಲ್ಲಿ ಅದು 'ಸುಟ್ಟುಹೋಗುವುದು'. ಹತ್ತೇ ನಿಮಿಷದಲ್ಲಿ ಫೋನು ಬಂತು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಮಾತ್ರ. ಆದ್ದರಿಂದ ತೊಕ್ತೊಸುನನ ಖಾಸಗಿ ಮಾತೆಲ್ಲ ಪಕ್ಕದ ಮನೆಯ ಹಿರಿಯಕ್ಕ ಶೆಕೆರ್ ಎಜೆಯ ಅಂಗಳದಲ್ಲೇ ನಡೆಯುತ್ತಿತ್ತು. ಎಜೆ ಆಗ ಉಣ್ಣೆ ಹರಡುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಇಷ್ಟು:

"ಏನಂದೆ? ಸುಟ್ಟುಹೋಗಿದೆಯಾ?... ಕನಿಶಾಯ್ ಅಪಾ ಮುಖಾನಾ?... ಹಣೆ, ಮೂಗು, ಎರಡೂ?... ಉಳಿಸೋಕೆ ಏನೂ ದಾರಿ ಇಲ್ವೇನೋ?... ಅಯ್ಯೋ, ನನ್ನ ಕೈಯಾರೆ ನಾನೇ ಸುಟ್ಟುಬಿಟ್ಟೆನಲ್ಲೋ ಜೆನಿಶ್!... ಹಲೋ? ಹಲೋ?"

ಲೈನು ಕಡಿದುಹೋಯಿತು. ಶೆಕೆರ್ ಎಜೆಯ ಕೈಯಿಂದ ಉಣ್ಣೆ ಜಾರಿತು. ಅರ್ಧ ನಿಮಿಷದಲ್ಲಿ ಅವಳು ಒಂದು ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಖಾಲಿ ಬಟ್ಟಲು ಹಿಡಿದು ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವಂತಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು.

"ತೊಕ್ತೊಸುನ್, ಅಪಾ ವಿಷಯ ನಿಜವೇನಪ್ಪಾ?"

ಚಿತ್ರದ ಬಗ್ಗೆ ಊರಿಗೆಲ್ಲ ಇಷ್ಟು ಕಾಳಜಿಯಿದೆಯೆಂದು ತೊಕ್ತೊಸುನನ ಕಣ್ಣು ಒದ್ದೆಯಾಯಿತು. "ನಿಜ ಎಜೆ. ಏನು ಹೇಳಲಿ."

"ಎಷ್ಟು ಸುಟ್ಟಿದೆ?"

"ಮುಖ ಪೂರ್ತಿ. ಎಡಗಿವಿ ಒಂದು ಸ್ವಲ್ಪ ಉಳಕೊಂಡಿದೆಯಂತೆ. ಮೂಗು ಇದ್ದ ಕಡೆ ಎರಡು ತೂತು ಕಾಣ್ತವಂತೆ, ಅಷ್ಟೇ."

ಎಜೆ ಗೋಡೆ ಹಿಡಿದುಕೊಂಡಳು. "ಕರಡಿ ಕೊಬ್ಬು ಹಚ್ಚಿದ್ರೆ?"

"ಯಾತಕ್ಕೆ ಹಚ್ಚೋದು?"

"ಮುಖಕ್ಕೆ."

ತೊಕ್ತೊಸುನ್ ಪರದೆಯನ್ನೊಮ್ಮೆ ನೋಡಿದ. ಈ ವಿದ್ಯೆಯಲ್ಲಿ ತನಗೆ ತಿಳಿಯದ್ದು ಬೇಕಾದಷ್ಟಿದೆ ಎಂದು ಅವನಿಗೆ ಅರಿವಾಗಿತ್ತು. ಆದರೂ ಇದು ಸರಿಯೆನಿಸಲಿಲ್ಲ. "ಬೇಡ ಎಜೆ, ಒಳಗೆ ಇಳಿದ್ರೆ ಇರೋದೂ ಕೆಡುತ್ತೆ. ಒಂದ್ಸಲ ಹೀಗೆ ಬಿಳುಚಿಕೊಂಡ್ರೆ ಮತ್ತೆ ಬಣ್ಣ ಬರಲ್ವಂತೆ. ಬಿಷ್ಕೆಕ್‌ನೋರೇ ಕೈ ಚೆಲ್ಲಿದ್ರು."

"ಬಿಳುಚಿಕೊಂಡ್ರಾ! ಬಿಷ್ಕೆಕ್‌ನೋರೇ!" ಶೆಕೆರ್ ಎಜೆ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದಳು.

ಸುದ್ದಿಯ ಪಯಣವನ್ನು ನಾವು ನ್ಯಾಯವಾಗಿ ದಾಖಲಿಸಬೇಕು. ಎಜೆಯ ಬಾಯಿಂದ ಹೊರಟಾಗ ಕನಿಶಾಯ್ ಅಪಾ ಸುಟ್ಟಗಾಯದಿಂದ ಬಿಷ್ಕೆಕ್ ಆಸ್ಪತ್ರೆಯಲ್ಲಿದ್ದಳು. ದಿನಸಿ ಅಂಗಡಿ ದಾಟುವಾಗ ಅವಳಿಗೆ ಪ್ರಜ್ಞೆ ತಪ್ಪಿತು. ಹಿಟ್ಟಿನ ಗಿರಣಿಯಲ್ಲಿ ವೈದ್ಯರು ಕೈ ಚೆಲ್ಲಿದರು. ಸಂತೆಯಲ್ಲಿ ಮಾಂಸ ಕಡಿಯುತ್ತಿದ್ದ ಅಬ್ದಿಲ್ದಾನನ್ನು ತಲುಪುವ ಹೊತ್ತಿಗೆ ಅವಳ ದೇಹವನ್ನು ಗಾಡಿಯಲ್ಲಿ ಊರಿಗೆ ತರುತ್ತಿದ್ದರು. ಇಷ್ಟಕ್ಕೂ ಯಾರೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ಒಂದು ಹೆಜ್ಜೆ ಮುಂದಿನದನ್ನು ಊಹಿಸಿದ್ದರು, ಅಷ್ಟೆ.

ಅಬ್ದಿಲ್ದಾನ ಕೈಯಿಂದ ಮಚ್ಚು ಬಿತ್ತು. ಅಮ್ಮ ಹುಲ್ಲುಗಾವಲಿಗೆ ಹೋಗಿರಬೇಕೆಂದು ಅವನು ಆರು ದಿನ ಸುಮ್ಮನಿದ್ದ; ಆದರೆ ಹೋದದ್ದನ್ನು ಕಂಡವರು ಯಾರು? ಅವನಿಗೆ ತಿಳಿದಂತೆ ಯಾರೂ ಇಲ್ಲ. ಅವಳನ್ನು ಕೊನೆಯದಾಗಿ ಕಂಡದ್ದೆಲ್ಲಿ? ತೊಕ್ತೊಸುನನ ಅಡುಗೆಮನೆಯಲ್ಲಿ, ಉರಿಯುವ ಒಲೆಯ ಪಕ್ಕ. ಅವನು ಅಳುತ್ತಲೇ ನೆಂಟರಿಗೆಲ್ಲ ಫೋನು ಮಾಡಿದ. ಹೊಳೆಯಾಚೆ ದೂರದೂರಲ್ಲಿದ್ದ ಅಮ್ಮನ ತಂಗಿ ಅಯಿಮ್‌ಕಾನ್ ಚಿಕ್ಕಮ್ಮನಿಗೂ ಮಾಡಿದ. ಅಕ್ಕತಂಗಿಯರು ಅವರಮ್ಮ ಬಿಟ್ಟುಹೋದ ಒಂದು ಕಸೂತಿ ಕಂಬಳಿಯ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಆಮೇಲೆ ಪೊಲೀಸು ಚೌಕಿಗೆ ಹೋಗಿ ದೂರು ಬರೆಸಿದ.

ಊರಿನ ಪೊಲೀಸು ಎಲ್ದಿಯಾರ್ ಮರ್ಯಾದಸ್ಥ ಯುವಕ. ತೊಕ್ತೊಸುನನ ಮನೆಗೆ ಬಂದು, ಟೋಪಿ ತೆಗೆದು ಅವನ ಎದುರು ಕೂತ.

"ಬಾಯ್ಕೆ, ನೀವು ನನಗಿಂತ ದೊಡ್ಡವರು. ನನ್ನ ಮದುವೆ ವಿಡಿಯೊ ತೆಗೆದೋರೂ ನೀವೇ. ಅದರಲ್ಲಿ ನನ್ನ ಹೆಂಡತಿ ತಲೆ ಬಂದಿಲ್ಲ, ಇರಲಿ. ಗೌರವದಿಂದ ಕೇಳ್ತೀನಿ, ನಿಜ ಹೇಳಿ. ಕನಿಶಾಯ್ ಅಪಾ ಮುಖ ಸುಟ್ಟಿದ್ದು ಯಾರು?"

"ನಾನೇ," ಎಂದ ತೊಕ್ತೊಸುನ್.

ಎಲ್ದಿಯಾರನ ಪೆನ್ಸಿಲ್ ನಿಂತಿತು. ಏಳು ವರ್ಷದ ನೌಕರಿಯಲ್ಲಿ ಮೊದಲ ಪ್ರಶ್ನೆಗೇ ಯಾರೂ ಒಪ್ಪಿಕೊಂಡದ್ದಿಲ್ಲ. ಕುರಿ ಕದ್ದವರು ಕುರಿ ಪಕ್ಕದಲ್ಲಿ ಅರಚುತ್ತಿದ್ದರೂ ಒಪ್ಪಿರಲಿಲ್ಲ.

"ಯಾವಾಗ?"

"ಒಂದೇ ದಿನಕ್ಕಲ್ಲಪ್ಪ. ಆರು ದಿನದಿಂದ, ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ."

"ಸ್ವಲ್ಪ ಸ್ವಲ್ಪ..." ಎಲ್ದಿಯಾರ್ ಬರೆದುಕೊಂಡ. "ಅವರು ಕೂಗಿಕೊಳ್ಳಲಿಲ್ವಾ?"

"ಮಾತಾಡಿದ್ರು. ಆದ್ರೆ ನಾನು ಸದ್ದು ಮುಚ್ಚಿಬಿಟ್ಟಿದ್ದೆ. ಮೇಲೆ ಕೋಮುಜ್ ವಾದ್ಯದ ಸಂಗೀತ ಹಾಕಿದ್ದೆ. ಚೆನ್ನಾಗಿ ಹೊಂದ್ಕೊಂಡಿತ್ತು."

"ಸಂಗೀತ ಹಾಕಿಕೊಂಡು! ಯಾಕೆ ಬಾಯ್ಕೆ? ಆ ಮುದುಕಿ ನಿಮಗೇನು ಮಾಡಿದ್ರು?"

"ಕಪ್ಪಗೆ ಕಾಣ್ತಿದ್ರಪ್ಪ. ನಾಲ್ಕು ಜನರ ಮುಂದೆ ತೋರಿಸಬೇಕಲ್ಲ, ಬೆಳ್ಳಗೆ ಆಗ್ಲಿ ಅಂತ."

ಎಲ್ದಿಯಾರ್ ನೀರು ಕೇಳಿ ಕುಡಿದ. "ಆಗ ಬೇರೆ ಯಾರಾದ್ರೂ ಇದ್ರಾ?"

"ಅಬ್ದಿಲ್ದಾ ಇದ್ದ. ಅವನನ್ನ ಮೊದಲ ದಿನಾನೇ ಕತ್ತರಿಸಿ ಹಾಕಿದೆ."

"ಅಬ್ದಿಲ್ದಾನ್ನ?" ಎಲ್ದಿಯಾರ್ ಎದ್ದೇಬಿಟ್ಟ. "ಇವತ್ತು ಮಧ್ಯಾಹ್ನ ನನ್ನ ಮುಂದೆ ಕೂತು ನಿಮ್ಮ ಮೇಲೆ ದೂರು ಬರೆಸಿದ್ರಲ್ಲ!"

"ದೂರು ಕೊಟ್ನಾ?" ತೊಕ್ತೊಸುನನೂ ಎದ್ದ. "ಕತ್ತರಿಸಿದ್ದು ಅವನಿಗೆ ಹೇಗೆ ಗೊತ್ತಾಯ್ತು? ನಾನು ಯಾರಿಗೂ ಹೇಳಿಲ್ಲವಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಯಾರಿಗೆ ಹೆಚ್ಚು ಭಯವಾಗಿತ್ತೆಂದು ಹೇಳುವುದು ಕಷ್ಟ.

"ಕತ್ತರಿಸಿ... ಎಲ್ಲಿ ಹಾಕಿದ್ರಿ?" ಎಂದ ಎಲ್ದಿಯಾರ್ ಮೆಲ್ಲಗೆ.

"ಬುಟ್ಟಿಯಲ್ಲಿದಾನೆ. ಇನ್ನೂ ಖಾಲಿ ಮಾಡಿಲ್ಲ. ಅವನಿಗೆ ಅಷ್ಟು ಬೇಜಾರಾಗಿದ್ರೆ ತೆಗೆದು ಮತ್ತೆ ಜೋಡಿಸ್ತೀನಿ, ಅದಕ್ಕೇನು ಪೊಲೀಸು ಗಿಲೀಸು? ಬಾ, ತೋರಿಸ್ತೀನಿ."

ಕೈ ಸೊಂಟದ ಪಿಸ್ತೂಲಿನ ಮೇಲಿಟ್ಟುಕೊಂಡು ಎಲ್ದಿಯಾರ್ ಒಳಗೆ ಹೋದ. ಅಲ್ಲಿ ತೊಕ್ತೊಸುನ್ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರವನ್ನು ಎರಡು ಸಲ ಒತ್ತಿದ. ಅಬ್ದಿಲ್ದಾ ಬಾಗಿಲು ತೆಗೆದು ಒಳಬಂದು ದುರುಗುಟ್ಟಿ ನೋಡಿದ. ಮತ್ತೊಮ್ಮೆ ಬಂದು ನೋಡಿದ. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲಕ್ಕೆ ಎಲ್ದಿಯಾರನ ತಲೆಯಲ್ಲಿ ಒಂದು ಗಂಟು ಸಡಿಲವಾಯಿತು.

"ಬಾಯ್ಕೆ. ಕನಿಶಾಯ್ ಅಪಾ ಈಗ ಎಲ್ಲಿದಾರೆ?"

"ಹುಲ್ಲುಗಾವಲಲ್ಲಿ, ಕಿರಿಮಗನ ಹತ್ರ. ಹಾಲಿನ ಲಾರಿಯೋನು ಹೇಳ್ದ."

"ಮುಖ?"

"ಮುಖಾನೂ ಅವರ ಜೊತೆಗೇ ಇರುತ್ತಲ್ಲಪ್ಪ."

"ಸುಟ್ಟಿದ್ದು?"

"ಇದರೊಳಗೆ!" ತೊಕ್ತೊಸುನ್ ಪರದೆಗೆ ಕುಟ್ಟಿದ.

ಆಗ ದೂರದಲ್ಲಿ, ಎರಡು ಬೀದಿಯಾಚೆಯಿಂದ, ಹತ್ತಾರು ಗಂಡಸರು ಒಟ್ಟಿಗೆ ಗೋಳಿಡುವ ಸದ್ದು ಕೇಳಿಬಂತು. ಎಲ್ದಿಯಾರ್ ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿದ: ಊರೆಲ್ಲ ಅಪಾ ಸತ್ತರೆಂದು ಅಳುತ್ತಿದೆ. ತೊಕ್ತೊಸುನ್ ಎರಡು ಸಲ ಕೇಳಿಸಿಕೊಂಡ. ಮೂರನೆಯ ಸಲಕ್ಕೆ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಓಡತೊಡಗಿದ. ಹಿಂದೆ ಎಲ್ದಿಯಾರ್, ಅವನ ಹಿಂದೆ ಹಿಟ್ಟಿನ ಕೈಯಲ್ಲೇ ಬುರುಲ್.

ಅಬ್ದಿಲ್ದಾನ ಅಂಗಳದಲ್ಲಿ ಸಾವಿನ ಗುಡಾರ ಎದ್ದುನಿಂತಿತ್ತು. ಕಂಬಳಿ ಹೊದಿಸಿ, ನೆತ್ತಿಯ ಕಿಂಡಿಯನ್ನೂ ಮುಚ್ಚಿ ಆಗಿತ್ತು. ಗಂಡಸರು ಕೋಲೂರಿ ಹೊರಗೆ ಸಾಲಾಗಿ ಬಾಗಿ ನಿಂತಿದ್ದರು. ಒಳಗೆ ಹೆಂಗಸರ ಶೋಕಗೀತ. ಕುರಿ ಕಡಿದಾಗಿತ್ತು, ಕಡಾಯಿ ಕುದಿಯುತ್ತಿತ್ತು. ಊರಿನ ಮುಖ್ಯಸ್ಥ ಸಾದಿಕ್ ನಾಲ್ಕು ಹಾಳೆಯ ಭಾಷಣವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದ.

"ನಿಲ್ಲಿಸಿ!" ತೊಕ್ತೊಸುನ್ ಏದುಸಿರು ಬಿಡುತ್ತ ಕೂಗಿದ. "ಅಪಾ ಸತ್ತಿಲ್ಲ! ಸುಟ್ಟಿರೋದು ಮುಖ ಮಾತ್ರ! ಮೂಲ ಅಪಾ ನನ್ನ ಹತ್ರ ಭದ್ರವಾಗಿದಾರೆ! ಇನ್ನೊಂದು ಪ್ರತೀನೂ ಇದೆ!"

ಅಬ್ದಿಲ್ದಾ ಬಂದು ಅವನ ಕೊರಳಪಟ್ಟಿ ಹಿಡಿದು ನೆಲದಿಂದ ಒಂದು ಗೇಣು ಮೇಲೆತ್ತಿದ. "ಎಲ್ಲಿಟ್ಟಿದೀಯೋ ನಮ್ಮಮ್ಮನ್ನ?"

"ಬಿಡಿ ಅವರನ್ನ," ಎಂದು ಎಲ್ದಿಯಾರ್ ನಡುವೆ ಬಂದ. "ಎಲ್ಲ ಆಗಿದ್ದು ಈ ಕಂಪ್ಯೂಟರಿನಲ್ಲಿ."

"ಕಂಪ್ಯೂಟರ್ ಹೊತ್ತಿಕೊಂಡು ಸತ್ರಂತೆ!" ಎಂದಳು ಶೆಕೆರ್ ಎಜೆ. ಸಾಲಿನ ಆ ತುದಿಯವರೆಗೂ ಅದು ಕೂಡಲೇ ಹೋಯಿತು. "ಕಂಪ್ಯೂಟರಂತೆ." "ಮೊದಲೇ ಹೇಳಿದ್ದೆ, ಮುದುಕರ ಹತ್ರ ಅದನ್ನ ಇಡಬಾರ್ದು ಅಂತ." "ನಮ್ಮನೇದನ್ನ ಇವತ್ತೇ ಮಾರಿಬಿಡ್ತೀನಿ."

ತೊಕ್ತೊಸುನ್ ಗಾಳಿಯಲ್ಲಿ ಕಾಲಾಡಿಸುತ್ತ ಬೆಳಕು, ನೆರಳು, ಕಡ್ಡಿ, ಬಲತುದಿ ಎಂದೆಲ್ಲ ವಿವರಿಸಿದ. ವಿವರಿಸಿದಷ್ಟೂ ಗೋಳು ಜೋರಾಯಿತು. ಮೂರು ಸಲ ಎಲ್ಲರಿಗೂ ತಿಳಿಯಿತು, ಮೂರು ಸಲವೂ ಬೇರೆ ಬೇರೆ ತಿಳಿಯಿತು. ಕೊನೆಗೆ ಅವನಿಗೇ ಅನುಮಾನ ಬಂತು. ಅಪಾ ನಿಜಕ್ಕೂ ಸತ್ತಿರಬಹುದೇ? ತಾನೇ ಏನಾದರೂ ಮಾಡಿಬಿಟ್ಟಿದ್ದೇನೆಯೇ? ಇಷ್ಟು ಜನ ಹೇಳುತ್ತಿರುವಾಗ ತನ್ನೊಬ್ಬನ ನೆನಪನ್ನು ನಂಬುವುದು ಹೇಗೆ? ಅವನ ಕಣ್ಣಲ್ಲೂ ನೀರು ಬಂತು. ಅಬ್ದಿಲ್ದಾ ಅವನನ್ನು ಕೆಳಗಿಳಿಸಿದ; ಇಬ್ಬರೂ ತಬ್ಬಿಕೊಂಡು ಅತ್ತರು.

ಆಗಲೇ ಹಾಲಿನ ಲಾರಿ ಬಂದು ಗೇಟಿನಲ್ಲಿ ನಿಂತಿತು. ಮುಂದಿನ ಬಾಗಿಲು ತೆರೆದು, ಕುದುರೆಹಾಲಿನ ಒಂದು ತೊಗಲುಚೀಲ ಮೊದಲು ಇಳಿಯಿತು. ಅದರ ಹಿಂದೆ ಕನಿಶಾಯ್ ಅಪಾ ಇಳಿದಳು. ಹುಲ್ಲುಗಾವಲಲ್ಲಿ ಉಪ್ಪು ಮುಗಿದಿತ್ತು, ಒಯ್ಯಲು ಬಂದಿದ್ದಳು.

ಅವಳು ಗುಡಾರ ನೋಡಿದಳು, ಕಡಾಯಿ ನೋಡಿದಳು, ಕೋಲೂರಿ ನಿಂತವರನ್ನು ನೋಡಿದಳು. ಸಾಲು ಹಾಗೇ ಕಲ್ಲಾಯಿತು.

"ಯಾರು ಹೋದ್ರು?" ಎಂದು ಕೇಳಿದಳು.

ಒಳಗೆ ಹಿರಿಸೊಸೆ, ಅಬ್ದಿಲ್ದಾನ ಹೆಂಡತಿ, ಏನೂ ತಿಳಿಯದೆ ಹಾಡುತ್ತಲೇ ಇದ್ದಳು: ಜೇನಿನಂಥ ಮಾತಿನ ನನ್ನತ್ತೆ, ಒಮ್ಮೆಯೂ ಗದರದ ನನ್ನತ್ತೆ ಕನಿಶಾಯ್...

ಅಪಾ ಕಿವಿಗೊಟ್ಟು ಕೇಳಿದಳು. ಮುಖದ ಕೊರಕಲುಗಳು ಒಂದೊಂದಾಗಿ ಅರಳಿದವು. "ನಿಲ್ಲಿಸಬೇಡ ಮಗಳೇ," ಎಂದು ಕೂಗಿದಳು. "ಮುಂದಕ್ಕೆ ಹೇಳು. ಇಪ್ಪತ್ತು ವರ್ಷದಲ್ಲಿ ಇದನ್ನ ಒಂದ್ಸಲಾನೂ ಕೇಳಿರಲಿಲ್ಲ."

ಒಳಗೆ ಚೀರಾಟ. ಹೊರಗೆ ಅಬ್ದಿಲ್ದಾ ತಾಯಿಯ ಕಾಲ ಬಳಿ ಕುಸಿದು ಕೂತ. ಶೆಕೆರ್ ಎಜೆ ಅಪಾ ಬದುಕಿದ್ದಾರೆಂದೇ ತಾನು ಆಗಿನಿಂದ ಹೇಳುತ್ತಿದ್ದೆನೆಂದು ಪಕ್ಕದವರಿಗೆ ತಿಳಿಸಿದಳು. ಮುಖ್ಯಸ್ಥ ಸಾದಿಕ್ ಮುಂದೆ ಬಂದು ಕೆಮ್ಮಿ, "ಅಪಾ, ನಾಲ್ಕು ಹಾಳೆ ಬರೆದಿದೀನಿ, ಪ್ರಾಂತದ ಕೇಂದ್ರಕ್ಕೂ ಕಳಿಸಿಯಾಗಿದೆ. ನಿಮಗೆ ಅಭ್ಯಂತರ ಇಲ್ಲದಿದ್ರೆ..." ಎಂದ.

"ಊಟ ಆದ್ಮೇಲೆ ಓದು. ಹಸಿದ ಹೊಟ್ಟೇಲಿ ಹೊಗಳಿಕೆ ಜೀರ್ಣ ಆಗಲ್ಲ," ಎಂದು ಅಪಾ ತೊಕ್ತೊಸುನನ ಕಡೆ ತಿರುಗಿದಳು. "ನನ್ನ ಮುಖ ಸುಟ್ಟೆಯಂತೆ. ಎಲ್ಲಿ ತೋರ್ಸು, ನೋಡೋಣ."

ಅಂಗಳದ ಬಿಸಿಲಲ್ಲಿ ಪರದೆಯ ಮೇಲೆ ಏನೂ ಕಾಣಲಿಲ್ಲ. ಎಲ್ಲರೂ ಗುಡಾರದೊಳಕ್ಕೆ ನುಗ್ಗಿದರು. ಹಾಸಿಗೆಗಳ ರಾಶಿಯ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಒಳಗೆ ಕಗ್ಗತ್ತಲು. ಚಿತ್ರ ಶುರುವಾದದ್ದೇ ಮುಂದೆ ಕೂತಿದ್ದವರು ಕಣ್ಣು ಮುಚ್ಚಿಕೊಂಡರು. ಅಪಾಳ ತಲೆವಸ್ತ್ರದ ಕೆಳಗೆ ಬೆಳ್ಳಗೆ ಉರಿಯುವ ಒಂದು ಕುಂಬಳಕಾಯಿ ಇತ್ತು. ಅದರಲ್ಲಿ ಎರಡು ತೂತು.

"ಇದೇ ನಾನು?" ಎಂದಳು ಅಪಾ.

"ನನಗೆ ಹೀಗೆ ಕಾಣಿಸಿರಲಿಲ್ಲ ಅಪಾ, ಆಣೆಗೂ," ಎಂದ ತೊಕ್ತೊಸುನ್. "ದಿನಾ ಬೆಳಿಗ್ಗೆ ತೆಗೆದ್ರೆ ಕತ್ತಲಾಗಿರ್ತಿತ್ತು. ಯಾರೋ ಬೆಳಕು ಕದೀತಿದ್ರು."

ಹಿಂದಿನಿಂದ ಬುರುಲ್ ಕೆಮ್ಮಿದಳು. "ಆ ಪರದೆ ಬೆಳಕು ತಗ್ಗಿಸ್ತಿದ್ದದ್ದು ನಾನು. ಚಿತ್ರ ತೆಗೆದ ದಿನದಿಂದ, ದಿನಾ ಸಂಜೆ ಒಂದೊಂದು ಮೆಟ್ಟಿಲು. ಕರೆಂಟು ಉಳೀಲಿ ಅಂತ. ಇವತ್ತು ಹಾಳಾಗ್ಲಿ, ಬಂದೋರು ನೋಡ್ತಾರಲ್ಲ ಅಂತ ಈಗ ಪೂರ್ತಿ ಏರಿಸಿದೆ."

ಗಂಡ ಬೆಳಿಗ್ಗೆ ಚಿತ್ರದ ಬೆಳಕು ಏರಿಸಿ, ಹೆಂಡತಿ ಸಂಜೆ ಪರದೆಯ ಬೆಳಕು ಇಳಿಸಿ, ಆರು ದಿನ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕುಸ್ತಿ ಆಡಿದ್ದರು. ಮುಖ ಹೋದದ್ದು ಮೂರನೆಯವರದು.

"ಬೀಗದ ಕೈ ನಿನ್ನ ಹತ್ರಾನೇ ಕೊಟ್ಟಿದ್ದೆನಲ್ಲೇ!" ಎಂದ ತೊಕ್ತೊಸುನ್.

"ಅದಕ್ಕೇ ಒಳಗೆ ಹೋಗೋಕೆ ಸುಲಭ ಆಯ್ತು," ಎಂದಳು ಬುರುಲ್.

ತೊಕ್ತೊಸುನ್ ಕಡ್ಡಿಯನ್ನು ಎಡಕ್ಕೆ, ಶುರುವಿನ ಜಾಗಕ್ಕೆ ಎಳೆದ. ಕುಂಬಳಕಾಯಿ ಕರಗಿತು. ಕಿಟಕಿಯ ತಣ್ಣನೆ ಬೆಳಕು ಒಂದು ಕೆನ್ನೆಗೆ, ಒಲೆಯ ಕೆಂಪು ಇನ್ನೊಂದು ಕೆನ್ನೆಗೆ ಬಿದ್ದಿತ್ತು. ಒಂದೊಂದು ಗೆರೆಯೂ ಕಾಣುತ್ತಿತ್ತು. ಅದರಲ್ಲಿ ತಿದ್ದಲು ಏನೂ ಇರಲಿಲ್ಲ. ತೊಕ್ತೊಸುನ್ ಬಾಯಿ ತೆರೆದು ನೋಡುತ್ತ ಕೂತ. ಇದನ್ನು ತಾನೇ ತೆಗೆದದ್ದೆಂದು ನಂಬಿಕೆ ಬರಲಿಲ್ಲ.

ಪರದೆಯ ಮೇಲೆ ಅಪಾ ರೊಟ್ಟಿ ತಟ್ಟಿದಳು. ಚಹಾ ಕಾಯಿಸಿದಳು. ಕಿಟಕಿ ನೋಡಿದಳು. ಮತ್ತೆ ನೋಡಿದಳು. ಯಾರೂ ಬರಲಿಲ್ಲ. ಚಹಾ ಆರಿತು. ಗುಡಾರದಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಚಿತ್ರ ಮುಗಿಯಿತು.

"ನಾನೆಲ್ಲಿ?" ಎಂದು ಅಬ್ದಿಲ್ದಾ ಕೂಗಿದ. "ನಾನು ಯಾಕೆ ಬರ್ಲಿಲ್ಲ? ಅಮ್ಮ ಅಷ್ಟು ಹೊತ್ತು ಕಾಯ್ತಾಳೆ, ನಾನು ಬರೋದೇ ಇಲ್ವಾ? ನಾಲ್ಕು ಸಲ ಬಂದೆನಲ್ಲೋ!"

"ಕ್ಯಾಮೆರಾ ನೋಡ್ತಿದ್ದೆ ಕಣೋ ನೀನು."

"ಏನು ಬೇಕಾದ್ರೂ ನೋಡ್ತಿರ್ಲಿ, ಬಂದಿದ್ದೆ! ಅವಳು ಒಬ್ಬಳೇ ಕೂತಿದಾಳೆ, ಹಾಕೋ ನನ್ನ!" ಮೂವತ್ತು ವರ್ಷ ಕುರಿ ಕಡಿದ ಕೈಗಳಿಂದ ಮುಖ ಮುಚ್ಚಿಕೊಂಡು ಅಬ್ದಿಲ್ದಾ ಬಿಕ್ಕಿದ. ಎಲ್ಲರೂ ಹಾಕು ಎಂದರು. ಪೊಲೀಸೂ ಹಾಕಿ ಎಂದ. ತೊಕ್ತೊಸುನ್ ಅಲ್ಲೇ ಕೂತು ಅವನನ್ನು ಬುಟ್ಟಿಯಿಂದ ತೆಗೆದು ಕೊನೆಗೆ ಜೋಡಿಸಿದ. ಈಗ ಮಗ ಬಂದ, ಕ್ಯಾಮೆರಾವನ್ನು ದುರುಗುಟ್ಟಿ ನೋಡಿದ, ಚಿತ್ರ ಮುಗಿಯಿತು. ಕಲಾದೃಷ್ಟಿಯಿಂದ ಅದು ದೊಡ್ಡ ತಪ್ಪು. ಗುಡಾರದಲ್ಲಿ ಮಾತ್ರ ಚಪ್ಪಾಳೆ ನಿಲ್ಲಲಿಲ್ಲ. ಗಂಟೆ ಐದೂವರೆ. ಊರಿನಲ್ಲಿ ಒಳ್ಳೆಯ ಇಂಟರ್ನೆಟ್ಟು ಇದ್ದದ್ದು ಚೌಕಿಯಲ್ಲಿ ಮಾತ್ರ. ಎಲ್ದಿಯಾರ್ ಪೆನ್ ಡ್ರೈವ್ ಹಿಡಿದು ಓಡಿದ.

ಅವನು ಹೋದ ದಾರಿಯಲ್ಲೇ ಎದುರಿನಿಂದ ಒಂದು ಹಳೆಯ ವ್ಯಾನು ಬರುತ್ತಿತ್ತು. ಅದು ನಿಲ್ಲುವ ಮೊದಲೇ ಒಳಗಿನಿಂದ ಗೋಳು ಕೇಳಿತು. ದೂರದ ನೆಂಟರಿಗೆ ಯಾರೂ ಮರಳಿ ಫೋನು ಮಾಡಿರಲಿಲ್ಲ.

"ನಾನು ಹೋಗಿ ಬಿಡಿಸಿ ಹೇಳ್ತೀನಿ," ಎಂದು ತೊಕ್ತೊಸುನ್ ಎದ್ದ.

"ಕೂತ್ಕೋ!" ಎಂದಳು ಕನಿಶಾಯ್ ಅಪಾ. "ನೀನು ಬಿಡಿಸಿ ಹೇಳಿದ್ರೆ ಇನ್ನೊಬ್ಬರು ಸಾಯ್ತಾರೆ."

ಆ ದನಿ ಯಾರದೆಂದು ಅವಳಿಗೆ ಗೊತ್ತಾಗಿತ್ತು. ಗುಡಾರದ ಬಾಗಿಲ ತೆರೆ ಸರಿಯಿತು. ಅಯಿಮ್‌ಕಾನ್ ಶಾಲಿನಿಂದ ಮುಖ ಮುಚ್ಚಿಕೊಂಡು ಒಳಬಂದು, ಕತ್ತಲಲ್ಲಿ ಎದುರು ಸಿಕ್ಕ ಹಾಸಿಗೆಯ ಮೇಲೆ ಕುಸಿದು ಹಾಡತೊಡಗಿದಳು:

"ಒಂದೇ ಎದೆಹಾಲು ಕುಡಿದವಳೇ, ಒಂದೇ ಕಂಬಳಿ ಹೊದ್ದವಳೇ,
ಹನ್ನೊಂದು ಚಳಿಗಾಲ ಕಳೆದವಲ್ಲೇ, ಬಾಗಿಲು ತಟ್ಟದೆ ಉಳಿದೆನಲ್ಲೇ..."

ಅವಳ ಪಕ್ಕದಲ್ಲೇ ಕೂತಿದ್ದ ಕನಿಶಾಯ್ ಅಪಾ ಎರಡು ಸಾಲು ಕೇಳಿದಳು, ನಾಲ್ಕು ಸಾಲು ಕೇಳಿದಳು. ಆಮೇಲೆ ತಡೆಯಲಾರದೆ, "ಸಾಕು ಬಿಡೇ. ಗಂಟಲು ಹಾಳಾಗುತ್ತೆ," ಎಂದಳು.

ಅಯಿಮ್‌ಕಾನ್ ಶಾಲು ಸರಿಸಿದಳು. ಎದುರಿಗೆ ಪರದೆಯ ಮೇಲೆ ಮತ್ತೆ ಶುರುವಾದ ಚಿತ್ರದಲ್ಲಿ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದಲ್ಲಿ ಅಕ್ಕನಂಥದೇ ಇನ್ನೊಂದು ಆಕಾರ ಮೂಗು ಒರೆಸಿಕೊಳ್ಳುತ್ತಿತ್ತು. ಅವಳು ಅದನ್ನು ನೋಡಿದಳು, ಇದನ್ನು ನೋಡಿದಳು. ಕೈ ಚಾಚಿ ಪಕ್ಕದ ಮೊಣಕೈ ಹಿಡಿದು ಜೋರಾಗಿ ಚಿವುಟಿದಳು.

"ಅಯ್ಯೋ!" ಎಂದಿತು ಮೊಣಕೈ.

"ಕತ್ತಲಲ್ಲಿ ಏನೂ ಗೊತ್ತಾಗ್ತಿಲ್ಲ," ಅಯಿಮ್‌ಕಾನ್ ಹೇಳಿದಳು. "ಅಕ್ಕನ ಮುಖ ನೋಡ್ಬೇಕು ನಾನು. ಯಾರಪ್ಪಾ ಇಲ್ಲಿ ಬೆಳಕಿನೋರು? ಒಂಚೂರು ಬೆಳಕು ಜಾಸ್ತಿ ಮಾಡಿ."

ಎಲ್ಲರೂ ತೊಕ್ತೊಸುನನ ಕಡೆ ತಿರುಗಿದರು. ಅವನ ಬೆರಳು ಅಭ್ಯಾಸದಿಂದ ಲ್ಯಾಪ್‌ಟಾಪಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವನು ಎದ್ದ, ಜನರ ಕಾಲು ತುಳಿಯುತ್ತ ಹೊರಗೆ ಹೋದ, ಗುಡಾರವನ್ನೊಂದು ಸುತ್ತು ಹಾಕಿದ, ತಪ್ಪು ಹಗ್ಗವನ್ನು ಎಳೆದು ಬಾಗಿಲ ತೆರೆಯನ್ನು ಕೆಳಗೆ ಬೀಳಿಸಿದ, ಕ್ಷಮೆ ಕೇಳಿದ, ಆಮೇಲೆ ಸರಿಯಾದ ಹಗ್ಗ ಹುಡುಕಿ ಎಳೆದ. ನೆತ್ತಿಯ ಕಿಂಡಿಯ ಕಂಬಳಿ ಜಾರಿತು. ಇಳಿಹೊತ್ತಿನ ಬಿಸಿಲು ಒಳಗಿಳಿದು ಇಬ್ಬರು ಮುದುಕಿಯರ ಮೇಲೆ ನೆಟ್ಟಗೆ ಬಿತ್ತು. ಪರದೆಯ ಮೇಲಿನ ಚಿತ್ರ ಅಳಿಸಿಹೋಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಅಯಿಮ್‌ಕಾನ್ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಎಷ್ಟು ಮುದುಕಿ ಆಗಿಬಿಟ್ಟಿದೀಯೇ," ಎಂದಳು.

"ನೀನೇನು ಕಮ್ಮಿನಾ?" ಎಂದಳು ಕನಿಶಾಯ್ ಅಪಾ. "ಸರಿ, ಈ ಕಡೆ ಸರಿದು ಕೂತ್ಕೋ. ನನ್ನ ಸಾವಿನ ಊಟ, ಬಿಸಿ ಆರೋದ್ರೊಳಗೆ ತಿನ್ನೋಣ."